ದೋಣಿ ಬಿಟ್ಟು ದಡ ಹತ್ತಿದ ಮಾರ್ಕೆಟ್

ಬ್ಯಾಂಕಾಕ್ ಮಾರ್ಕೆಟ್ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ಕಾಲುವೆ, ದೋಣಿ, ದೋಣಿ ತುಂಬ ಹಣ್ಣು, ಅಲ್ವಾ? ಇವತ್ತು ನಾನು ಹೇಳೋದು ದೋಣಿ ಇಲ್ಲದ ಮಾರ್ಕೆಟ್ ಕಥೆ. ಹೆಸರು ನಾಂಗ್ ಲೋಯೆಂಗ್.

ಹಿಂದೆ ಈ ಊರಿನ ವ್ಯಾಪಾರ ಹೆಚ್ಚಾಗಿ ನೀರಿನ ಮೇಲೇ ನಡೀತಿತ್ತು. ರಾಜ ಚುಲಾಲಾಂಗ್‌ಕಾರ್ನ್ ಕಾಲದಲ್ಲಿ ರಸ್ತೆಗಳು ಹೆಚ್ಚಾದವು. ಜನ ರಸ್ತೆಗೆ ಬಂದ ಮೇಲೆ ಅಂಗಡಿಯೂ ದಡ ಹತ್ತಲೇಬೇಕಲ್ಲ? 1900ರಲ್ಲಿ ಈ ಮಾರ್ಕೆಟ್ ಶುರುವಾಯ್ತು. ಬ್ಯಾಂಕಾಕಿನ ಮೊದಲ ನೆಲದ ಮಾರುಕಟ್ಟೆ ಅಂತ ಇದನ್ನ ಕರೀತಾರೆ. ಹೆಸರು ಮಾತ್ರ ದೋಣಿ ಕಾಲದ್ದು. ಮೋನ್ ಜನ ಕಾಲುವೆಯಲ್ಲಿ ತಂದು ಮಾರುತ್ತಿದ್ದ ಮಣ್ಣಿನ ನೀರಿನ ಹಂಡೆಯಿಂದ ಬಂದದ್ದು ಅಂತಾರೆ.

ನಾನು ಹೋದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಬೇಕಾದ ಪದಾರ್ಥಕ್ಕೆ ಬೆರಳು ತೋರಿಸಿದ್ರೆ ಸಾಕು, ಅನ್ನದ ಮೇಲೆ ಹಾಕಿ ಕೊಡ್ತಾರೆ. ಪಕ್ಕದಲ್ಲೇ ಫೋಯ್ ಥಾಂಗ್: ಮೊಟ್ಟೆಯ ಹಳದಿಯನ್ನ ಸಕ್ಕರೆ ಪಾಕದಲ್ಲಿ ಎಳೆ ಎಳೆಯಾಗಿ ಬಿಟ್ಟು ಮಾಡುವ ಸಿಹಿ. ನೋಡೋಕೆ ಶ್ಯಾವಿಗೆ ಥರ. ಈಗ ಅಪ್ಪಟ ಥಾಯ್ ತಿಂಡಿ, ಆದ್ರೆ ಮೂಲ ಪೋರ್ಚುಗಲ್‌ನದ್ದು.

ಅಲ್ಲೇ ಮರದಲ್ಲಿ ಕಟ್ಟಿದ ಹಳೇ ಟಾಕೀಸು, ಸಾಲಾ ಚಲೋಯೆಮ್ ಥಾನಿ. 1918ರಲ್ಲಿ ಶುರು, 1993ರಲ್ಲಿ ಬಂದ್. ಸಿನಿಮಾ ನಿಂತರೂ ಪಕ್ಕದ ಒಲೆಗಳು ಆರಲಿಲ್ಲ. ಯಾಕಂದ್ರೆ ಸುತ್ತಲಿನ ಮನೆಯವರು, ಆಫೀಸಿನವರು ಊಟಕ್ಕೆ ಬರೋದನ್ನ ಬಿಡಲಿಲ್ಲ. ಇಂಥ ಮಾರ್ಕೆಟ್ ಉಳಿಯೋದು ದಿನಾ ಬರುವ ಗಿರಾಕಿಯಿಂದ, ಒಂದು ದಿನ ಬಂದು ಫೋಟೋ ತೆಗೆಯುವ ನಮ್ಮಿಂದಲ್ಲ. ನೀವು ಹೋದರೆ ಮೊದಲು ಕೂತು ಊಟ ಮಾಡಿ, ಫೋಟೋ ಆಮೇಲೆ.