ಫೋರ್ಟ್ರಾನ್ ಕಂಪೈಲರ್, 1957

ಐಬಿಎಂ 704 ಕಂಪ್ಯೂಟರ್ ನೇರವಾಗಿ ನಡೆಸಬಲ್ಲದ್ದು ಸೊನ್ನೆ, ಒಂದುಗಳ ಯಂತ್ರಭಾಷೆಯನ್ನು ಮಾತ್ರ. ಗಣಿತ ಸೂತ್ರಗಳಂತೆಯೇ ಬರೆದ ಪ್ರೋಗ್ರಾಮನ್ನು ಆ ಭಾಷೆಗೆ ತಾನಾಗಿ ಪರಿವರ್ತಿಸುವ ಫೋರ್ಟ್ರಾನ್ ಕಂಪೈಲರನ್ನು ಜಾನ್ ಬ್ಯಾಕಸ್ ನೇತೃತ್ವದ ತಂಡ 1957ರಲ್ಲಿ ಹೊರತಂದಿತು.

ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ಪಂಚ್ ಕಾರ್ಡು. ಕಾರ್ಡಿನ 80 ಕಾಲಂಗಳಲ್ಲಿ ಮೊದಲ 5 ಹೇಳಿಕೆಯ ಸಂಖ್ಯೆಗೆ, 6ನೆಯದು ಹಿಂದಿನ ಸಾಲಿನ ಮುಂದುವರಿಕೆಯ ಗುರುತಿಗೆ, 7ರಿಂದ 72ರವರೆಗಿನವು ಹೇಳಿಕೆಗೆ ಮೀಸಲು.

ಕಂಪೈಲರ್ ಈ ಕಾರ್ಡುಗಳನ್ನು ಓದಿ, ಸೂತ್ರಗಳನ್ನು ಬಿಡಿಸಿ, ಲೆಕ್ಕದ ಕ್ರಮವನ್ನು ನಿರ್ಧರಿಸುತ್ತಿತ್ತು: ಎ + ಬಿ × ಸಿ ಎಂದಿದ್ದರೆ ಗುಣಾಕಾರ ಮೊದಲು, ಕೂಡುವುದು ಆಮೇಲೆ. ಮತ್ತೆ ಮತ್ತೆ ನಡೆಯುವ ಲೂಪುಗಳನ್ನು ಪರಿಶೀಲಿಸಿ, ಯಂತ್ರದ 3 ಇಂಡೆಕ್ಸ್ ರಿಜಿಸ್ಟರುಗಳನ್ನು ಹಂಚಿ, ಕೊನೆಯಲ್ಲಿ ಯಂತ್ರಸೂಚನೆಗಳನ್ನು ಹೊರಡಿಸುತ್ತಿತ್ತು. ಹೀಗೆ ಸಿದ್ಧವಾದ ಪ್ರೋಗ್ರಾಮುಗಳ ವೇಗ ನುರಿತವರು ಕೈಯಾರೆ ಬರೆದವುಗಳ ಹತ್ತಿರಕ್ಕೆ ಬಂದಿತು. ವಿಜ್ಞಾನಿಗಳೂ ಎಂಜಿನಿಯರುಗಳೂ ಫೋರ್ಟ್ರಾನನ್ನು ಬೇಗನೆ ಒಪ್ಪಿಕೊಂಡರು.