ಅಜ್ಜನ ಮಣೆಯಿಂದ ಕಂಡ ನಾಯ್ಗಾಂವ್

ನಮ್ಮ ಅಜ್ಜನಿಗೆ ಚಾಳಿನ ಜನರ ಹೆಸರು ನೆನಪಿರುತ್ತಿದ್ದುದು ಕಡಿಮೆ, ಅವರವರ ಒಡವೆ ನೆನಪಿರುತ್ತಿತ್ತು. ‘ಒಂದೂವರೆ ತೊಲೆಯ ಪವನಿನ ಸರದವರು ಬಂದಿದ್ದರು’, ‘ಆ ಸವೆದ ಬೆಂಡೋಲೆಯ ಅಮ್ಮನ ಮಗ ಪಾಸಾದನಂತೆ’ ಎಂದರೆ ಅಜ್ಜಿಗೆ ಯಾರೆಂದು ತಿಳಿಯುತ್ತಿತ್ತು. ಮುಂಬಯಿಯ ನಾಯ್ಗಾಂವ್‌ನಲ್ಲಿ, ದಾದರ್ ಪೂರ್ವಕ್ಕೂ ವಡಾಲಕ್ಕೂ ನಡುವೆ, ಒಂದು ಚಾಳಿನ ನೆಲಮಟ್ಟದ ಕೋಣೆಯಲ್ಲಿ ಅಜ್ಜ ನಲವತ್ತಕ್ಕೂ ಹೆಚ್ಚು ವರ್ಷ ಚಿನ್ನದ ಕೆಲಸ ಮಾಡಿದರು. (ಪಶ್ಚಿಮ ರೈಲ್ವೆಯಲ್ಲಿ ವಸಯಿಯ ಹತ್ತಿರ ಇನ್ನೊಂದು ನಾಯ್ಗಾಂವ್ ಇದೆ, ಅದಲ್ಲ.) ಈ ಕಡೆಯ ಚರಿತ್ರೆ ಬರೆದವರು ಗಿರಣಿಗಳನ್ನೂ ಚಳವಳಿಗಳನ್ನೂ ಕುರಿತು ಬರೆದಿದ್ದಾರೆ. ನಾನು ಬರೆಯಬಲ್ಲುದು ಅಜ್ಜನ ಮಣೆಯ ಮುಂದೆ ಹಾದುಹೋದ ನಾಯ್ಗಾಂವ್ ಮಾತ್ರ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಕಿಕ್ಕಿರಿದ ಹಳೆಯ ಪೇಟೆಯಲ್ಲಿ ಜನ ಸಾಯುವುದನ್ನು ಕಂಡ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿ, ಉತ್ತರದ ದಾದರ್, ಮಾಟುಂಗಾ, ವಡಾಲದ ಹೊಲಗದ್ದೆಗಳಲ್ಲಿ ರಸ್ತೆ ಎಳೆದು ನಿವೇಶನ ಮಾಡಿಸಿತು. ಒಂದು ಮಗ್ಗುಲಲ್ಲಿ ಪಾರ್ಸಿ ಕಾಲೊನಿಯೂ ಫೈವ್ ಗಾರ್ಡನ್ಸ್ ಎಂಬ ಐದು ತೋಟಗಳೂ ಬಂದವು. ಇನ್ನೊಂದು ಮಗ್ಗುಲಲ್ಲಿ ಬಾಂಬೆ ಡೈಯಿಂಗ್‌ನ ಸ್ಪ್ರಿಂಗ್ ಮಿಲ್ಲು, ಮತ್ತೆ ಬಿ.ಡಿ.ಡಿ. ಚಾಳುಗಳು. 1920ರ ದಶಕದಲ್ಲಿ ಕಾರ್ಮಿಕರಿಗೆಂದು ಕಟ್ಟಿಸಿದ ಈ ಚಾಳುಗಳು ಇಡೀ ನಗರದಲ್ಲಿ 207, ನಾಯ್ಗಾಂವ್‌ನಲ್ಲೇ 42. ಒಂದೊಂದರಲ್ಲಿ 80 ಕೋಣೆ, ಒಂದು ಕೋಣೆಗೆ 160 ಚದರ ಅಡಿ. ನಮ್ಮದು ಅವುಗಳ ಪಕ್ಕದ ಖಾಸಗಿ ಚಾಳು. ಕೋಣೆ ಅದಕ್ಕಿಂತಲೂ ಒಂದು ಗೇಣು ಸಣ್ಣದಿದ್ದೀತು. ಅಷ್ಟರಲ್ಲೇ ಏಳು ಜನ, ಒಂದು ಒಲೆ, ಒಂದು ಅಗ್ಗಿಷ್ಟಿಕೆ.

ಅಜ್ಜ ಕಾರ್ಕಳದ ಕಡೆಯವರು. 1953ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮುಂಬಯಿಗೆ ಬಂದು ಝವೇರಿ ಬಜಾರಿನಲ್ಲಿ ಒಬ್ಬ ಗುಜರಾತಿ ಶೇಠರ ಕೆಳಗೆ ಕೆಲಸಕ್ಕೆ ಕುಳಿತರು. ಹಗಲು ಕುಳಿತಲ್ಲೇ ರಾತ್ರಿ ಮಲಗುವುದು. ಬರುವಾಗ ಅವರ ಊರು ಮದ್ರಾಸ್ ರಾಜ್ಯದ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇತ್ತ 1960ರ ಮೇ ಒಂದರಂದು ಮುಂಬಯಿ ಮಹಾರಾಷ್ಟ್ರದ್ದಾಯಿತು. ಅಷ್ಟು ಹೊತ್ತಿಗೆ ಅಜ್ಜ ಮದುವೆಯಾಗಿ ನಾಯ್ಗಾಂವ್‌ನಲ್ಲಿ ಸ್ವಂತ ಮಣೆ ಹಾಕಿದ್ದರು.

ಬಾಗಿಲ ಬಲಕ್ಕೆ, ಬೆಳಕು ಬೀಳುವಲ್ಲಿ ಆ ಮಣೆ. ಮುಂದೆ ಚಿಕ್ಕ ಅಡಿಗಲ್ಲು, ಬೂದಿ ತುಂಬಿದ ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆಗಳು, ಬಿಳಿಗಾರದ ಡಬ್ಬಿ, ಚಿಮಟ, ತಂತಿ ಎಳೆಯುವ ಕಂಬಚ್ಚು. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ; ತೂಕ ಮಾಡುವಾಗ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂರಬೇಕು, ಪಂಖಾ ನಿಲ್ಲಿಸಬೇಕು. 96 ಗುಲಗಂಜಿಗೆ ಒಂದು ತೊಲೆ. ಗ್ರಾಮಿನ ಲೆಕ್ಕ ಬಂದ ಮೇಲೂ ಅಜ್ಜ ಮನಸ್ಸಿನಲ್ಲಿ ತೊಲೆಯಲ್ಲೇ ಎಣಿಸಿ ಬಾಯಲ್ಲಿ ಗ್ರಾಮ್ ಹೇಳುತ್ತಿದ್ದರು. ನಸುಕಿನಲ್ಲಿ ನಲ್ಲಿ ಬರುವ ಎರಡು ತಾಸು ಚಾಳಿಗೆ ಚಾಳೇ ಕೊಡ ಹಿಡಿದು ಓಡಾಡುತ್ತಿತ್ತು. ಆ ಗದ್ದಲ ಮುಗಿದು ಮಿಲ್ಲಿನ ಭೋಂಗಾ ಕೂಗಿದ ಮೇಲೆ ಅಜ್ಜನ ಸುತ್ತಿಗೆಯ ಸದ್ದು ಶುರು. ಕರಿಮಣಿ ಪೋಣಿಸುವುದು ಅಜ್ಜಿಯ ಕೆಲಸ. ಅಡುಗೆ ಮುಗಿಸಿ, ಕೈಗೆ ಎಣ್ಣೆ ಪಸೆ ತಾಗದಂತೆ ಸೀಗೆಪುಡಿಯಲ್ಲಿ ತೊಳೆದುಕೊಂಡು, ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಕೂರುತ್ತಿದ್ದರು.

ಆ ಒಂದು ಮಣೆಯ ಮೇಲೆ ಎಷ್ಟು ಬಗೆಯ ಮದುವೆಗಳು ಹಾದುಹೋದವು! ನಮ್ಮ ಕಡೆಯವರಿಗೆ ಕರಿಮಣಿ. ರತ್ನಾಗಿರಿಯಿಂದಲೂ ಸಾತಾರಾದಿಂದಲೂ ಬಂದ ಗಿರಣಿ ಕೆಲಸಗಾರರ ಮನೆಗೆ ಎರಡು ವಾಟಿಗಳ, ಎಂದರೆ ಪುಟ್ಟ ಬಟ್ಟಲುಗಳ, ಮಂಗಳಸೂತ್ರ. ಸೋಲಾಪುರದ ತೆಲುಗು ನೇಕಾರರಿಗೆ ಪುಸ್ತೆ. ಮಾಟುಂಗಾದ ತಮಿಳರಿಗೆ ತಾಳಿ, ಅದರಲ್ಲೂ ಒಂದೊಂದು ಮನೆತನಕ್ಕೆ ಒಂದೊಂದು ಆಕಾರ. ಮೊದಮೊದಲು ಅಜ್ಜನಿಗೆ ವಾಟಿಯ ಉಬ್ಬು ತರುವುದು ಕಷ್ಟವಾಯಿತಂತೆ. ಮೇಲಿನ ಮಾಳಿಗೆಯ ಮರಾಠಿ ಅಜ್ಜಿಯೊಬ್ಬರು ತಮ್ಮ ಕೊರಳಿನದನ್ನೇ ಮುಂದೆ ಹಿಡಿದು, ಹೀಗಲ್ಲ, ಹೀಗೆ, ಎಂದು ಬೆರಳಿನಲ್ಲಿ ತೋರಿಸಿಕೊಟ್ಟರು. ಕೊರಳಿನಿಂದ ತೆಗೆಯುವಂತಿಲ್ಲವಲ್ಲ, ಅವರು ಬಗ್ಗಿ ನಿಂತಿದ್ದಷ್ಟು ಹೊತ್ತು ಅಜ್ಜ ಅಳತೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಅಜ್ಜ ಇಡೀ ಚಾಳಿಗೆ ‘ಸೋನಾರ್ ಕಾಕಾ’. ಕನ್ನಡದವರಿಗೆ ಮಾತ್ರ ‘ಆಚಾರ್ರು’.

1963ರ ಜನವರಿಯನ್ನು ಅಜ್ಜ ಕೊನೆಯವರೆಗೂ ಮರೆಯಲಿಲ್ಲ. ಚೀನಾ ಯುದ್ಧ ಮುಗಿದ ಹೊಸತು. ವಿದೇಶಿ ವಿನಿಮಯದ ಕೊರತೆ, ಚಿನ್ನದ ಕಳ್ಳಸಾಗಣೆ. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣದ ನಿಯಮ ತಂದರು: 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡಕೂಡದು. 22 ಕ್ಯಾರೆಟ್‌ನಲ್ಲಿ ನೂರಕ್ಕೆ ತೊಂಬತ್ತೊಂದೂವರೆ ಪಾಲಿನಷ್ಟು ಚಿನ್ನವಿರುತ್ತದೆ, 14ರಲ್ಲಿ ಐವತ್ತೆಂಟು. ಉಳಿದದ್ದು ತಾಮ್ರ, ಬೆಳ್ಳಿ. ಬಣ್ಣ ಬೇರೆ, ಬಾಗುವ ಗುಣ ಬೇರೆ. ಅಂಥದ್ದನ್ನು ಯಾರು ತಾನೆ ಮಗಳ ಕೊರಳಿಗೆ ಕಟ್ಟಿಯಾರು? ಕೆಲಸ ನಿಂತಿತು. ದೇಶದಲ್ಲೆಲ್ಲ ಅಕ್ಕಸಾಲಿಗರು ಬೀದಿಗೆ ಬಿದ್ದರು, ಜೀವ ಕಳೆದುಕೊಂಡವರೂ ಇದ್ದಾರೆ. ಕಸುಬಿನಲ್ಲೇ ಹುಟ್ಟಿ ಕಸುಬಿನಲ್ಲೇ ಬೆಳೆದವನಿಗೆ ಒಂದು ಬೆಳಗ್ಗೆ ನಿನ್ನ ಕಸುಬು ಅಪರಾಧ ಎಂದರೆ ಅವನ ಕೈ ಏನು ಮಾಡಬೇಕು? ಆ ನಿಯಮ ಮಾಡಿದವರು ಇದನ್ನು ಯೋಚಿಸಬೇಕಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ.

ಬೆಳ್ಳಿಗೆ ಆ ನಿರ್ಬಂಧ ಇರಲಿಲ್ಲ. ಅಜ್ಜ ಕಾಲ್ಗೆಜ್ಜೆ, ಕುಂಕುಮದ ಭರಣಿ, ಮಕ್ಕಳ ಉಡಿದಾರ ಮಾಡಿದರು. ಅದೂ ಸಾಲದಾದಾಗ ಊರಿನವರ ಒಂದು ಹೋಟೆಲಿನಲ್ಲಿ ಸಂಜೆ ಗಲ್ಲಾದ ಮೇಲೆ ಕುಳಿತರು. ಅಜ್ಜಿ ಹಪ್ಪಳ ಲಟ್ಟಿಸಿ ಮಾರಿದರು. 1966ರಲ್ಲಿ 14 ಕ್ಯಾರೆಟ್ಟಿನ ಮಿತಿ ಹೋಯಿತು. ಆದರೆ 1968ರಲ್ಲಿ ಕಾಯಿದೆಯೇ ಬಂತು, ಪರವಾನಗಿ ಬಂತು, ಲೆಕ್ಕದ ಪುಸ್ತಕ ಬಂತು. ಬಾಗಿಲಲ್ಲಿ ಅಪರಿಚಿತ ಪ್ಯಾಂಟು ಕಂಡರೆ ಅಜ್ಜ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಪುಸ್ತಕಕ್ಕೆ ಕೈಹಾಕುತ್ತಿದ್ದರು. 1990ರಲ್ಲಿ ಆ ಕಾಯಿದೆ ರದ್ದಾಯಿತು, ಅಭ್ಯಾಸ ಹೋಗಲಿಲ್ಲ.

ಅರವತ್ತರ ದಶಕದ ಕೊನೆಗೆ ದಕ್ಷಿಣದವರ ವಿರುದ್ಧ ನಗರದಲ್ಲಿ ಕೂಗೆದ್ದಿತು. ಉಡುಪಿ ಹೋಟೆಲುಗಳ ಗಾಜು ಒಡೆದವು. ಆ ದಿನಗಳಲ್ಲಿ ಮೇಲಿನ ಮಾಳಿಗೆಯ ಅದೇ ಮರಾಠಿ ಅಜ್ಜಿ, ಅಕ್ಕಿ ಆರಿಸುವ ಮೊರ ತಂದು ನಮ್ಮ ಬಾಗಿಲಲ್ಲೇ ಕೂರುತ್ತಿದ್ದರಂತೆ. ಒಂದು ಸೇರು ಅಕ್ಕಿಯನ್ನು ಮಧ್ಯಾಹ್ನವಿಡೀ ಆರಿಸುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುವಾಗ ಕಣ್ಣು ತುಂಬುತ್ತಿತ್ತು.

ಹೋಟೆಲು ಹುಡುಗರದು ಇನ್ನೊಂದು ಲೋಕ. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದವರು. ಸಂಬಳವಾದ ಮರುದಿನ ಐದೋ ಹತ್ತೋ ರೂಪಾಯಿ ತಂದು ‘ಆಚಾರ್ರೇ, ಇದು ತಂಗಿಯ ಬೆಂಡೋಲೆಗೆ’ ಎಂದು ಕೊಡುತ್ತಿದ್ದರು. ಅಜ್ಜ ಪ್ರತಿಯೊಬ್ಬನಿಗೂ ಒಂದೊಂದು ಬೆಂಕಿಪೆಟ್ಟಿಗೆ ಇಟ್ಟಿದ್ದರು; ಒಳಗೆ ಚೀಟಿ, ಚೀಟಿಯಲ್ಲಿ ಲೆಕ್ಕ. ನಾಲ್ಕು ವರ್ಷ ಕೂಡಿಸಿದ ಹಣದ ಬೆಂಡೋಲೆಯನ್ನು ಒಬ್ಬ ಹುಡುಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದನ್ನು ನಾನೇ ಕಂಡಿದ್ದೇನೆ.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಕೆಲಸಗಾರರು ಹೊರಬಂದರು. ಭೋಂಗಾ ನಿಂತ ಮೊದಲ ವಾರ ಅಜ್ಜನಿಗೆ ಯಾವಾಗ ಕೆಲಸಕ್ಕೆ ಕೂರಬೇಕೆಂದೇ ತಿಳಿಯಲಿಲ್ಲ. ಹೋಳಿಯ ಹೊತ್ತಿಗೆ ಬಳೆ ಬಂದವು, ಮಳೆಗಾಲಕ್ಕೆ ಕಿವಿಯವು, ಗಣಪತಿ ಹಬ್ಬದ ಹೊತ್ತಿಗೆ ವಾಟಿಗಳು. ಮಾಡಿಕೊಟ್ಟ ಕೈಯೇ ಮರಳಿ ಒರೆಗಲ್ಲಿಗೆ ಉಜ್ಜಿ ತೂಗಬೇಕು. ತನ್ನ ಕೈಯ ಬೆಸುಗೆ ಅಜ್ಜನಿಗೆ ಗುರುತು ಸಿಗುತ್ತಿತ್ತು. ‘ಇವತ್ತೇ ಕರಗಿಸುವುದು ಬೇಡ, ಒಂದು ತಿಂಗಳು ಇರಲಿ’ ಎಂದು ಕೈಗಡ ತಂದು ದುಡ್ಡು ಕೊಟ್ಟು, ವಾಟಿಗಳನ್ನು ಬೆಂಕಿಪೆಟ್ಟಿಗೆಗಳಲ್ಲಿ ಹಾಗೆಯೇ ಇಟ್ಟರು. ಕೆಲವರು ಬಂದು ಬಿಡಿಸಿಕೊಂಡರು. ಹಲವರು ಕೋಣೆ ಬಿಟ್ಟು ಊರಿಗೇ ಹೋದರು. ಅಜ್ಜ ಅಗ್ಗಿಷ್ಟಿಕೆ ಹೊತ್ತಿಸಿದ ಆ ರಾತ್ರಿಗಳಲ್ಲಿ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆಮೇಲೆ ಯಂತ್ರದ ಸರಗಳು ಬಂದವು, ಗಾಜಿನ ಅಂಗಡಿಗಳು ಬಂದವು. ಸ್ಪ್ರಿಂಗ್ ಮಿಲ್ಲಿನ ಜಾಗದಲ್ಲಿ ಈಗ ಗಗನಚುಂಬಿಗಳಿವೆ. ಬಿ.ಡಿ.ಡಿ. ಚಾಳುಗಳವರಿಗೆ 160 ಅಡಿಯ ಬದಲು 500 ಚದರ ಅಡಿಯ ಮನೆ ಸಿಗಲಿದೆ. ವರ್ಲಿಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿಕೈ ಕೊಟ್ಟೂ ಆಯಿತು. ಅದು ಬರಬೇಕಾದದ್ದೇ. ಏಳು ಜನ ಮಗ್ಗುಲು ಬದಲಿಸಲು ಪರಸ್ಪರ ಕೇಳಿಕೊಳ್ಳಬೇಕಾದ ಕೋಣೆಯನ್ನು ನಾನು ಹಾಡಿಹೊಗಳಲಾರೆ.

ನಮ್ಮ ಚಾಳನ್ನು ಅದಕ್ಕೂ ಮೊದಲೇ ಕೆಡವಿದರು. ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಕೋಣೆ ಬಿಡುವ ಹಿಂದಿನ ದಿನ ಅಜ್ಜಿ ಝವೇರಿ ಬಜಾರಿನಿಂದ ಧೂಳು ತೊಳೆಯುವವನನ್ನು ಕರೆಸಿದರು. ಅಲ್ಲಿನ ಓಣಿಗಳ ಕಸ ಗುಡಿಸಿ, ನೀರಲ್ಲಿ ಜಾಲಾಡಿ, ಚಿನ್ನದ ಕಣ ತೆಗೆಯುವುದೇ ಇಂಥವರ ಕಸುಬು. ಅವನು ಮಣೆಯ ಅಡಿಯ ಹಾಸುಗಲ್ಲು ಎಬ್ಬಿಸಿ, ಸಂದಿಯ ಮಣ್ಣು ಕೆರೆದು, ಗೋಡೆಯ ಮಸಿಯನ್ನೂ ಬಿಡದೆ ತುಂಬಿಕೊಂಡು ಹೋದ. ನಾಲ್ಕು ದಿನ ಬಿಟ್ಟು ಒಂದು ಗುಂಡು ತಂದುಕೊಟ್ಟ. ಅಜ್ಜನ ತಕ್ಕಡಿಯಲ್ಲಿ ತೂಗಿದೆವು: ಹದಿನಾಲ್ಕು ಗುಲಗಂಜಿ.

ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ತುಂಬ ಹೊತ್ತು ಕುಳಿತರು. ‘ಇದರಲ್ಲಿ ಯಾರದೆಷ್ಟೋ’ ಎಂದರು. ಆಮೇಲೆ ಅದರಿಂದ ಚಾಳಿನ ಗಣಪತಿಗೆ ಒಂದು ಗರಿಕೆ ಮಾಡಿಸಲು ಹೇಳಿದರು. ನಮ್ಮ ಮನೆಯಲ್ಲಿ ಕೆಲಸ ಬಲ್ಲವರು ಯಾರೂ ಉಳಿದಿರಲಿಲ್ಲ. ಝವೇರಿ ಬಜಾರಿನ ಬಂಗಾಳಿ ಹುಡುಗನೊಬ್ಬ ಮಾಡಿಕೊಟ್ಟ, ಮೂರೆಲೆಯ ಗರಿಕೆ. ಚಾಳಿನವರು ಚದುರಿ ಹೋಗಿದ್ದಾರೆ, ಡೊಂಬಿವಲಿ, ವಿರಾರ್, ಬದ್ಲಾಪುರ ಎಂದು. ಭಾದ್ರಪದದಲ್ಲಿ ಅದೇ ರಸ್ತೆಯ ತಿರುವಿನಲ್ಲಿ ಮಂಟಪ ಹಾಕಿ ಸೇರುತ್ತಾರೆ. ಗರಿಕೆ ಇರುವುದು ಮೇಲಿನ ಮಾಳಿಗೆಯ ಆ ಅಜ್ಜಿಯ ಮೊಮ್ಮಗನ ಮನೆಯಲ್ಲಿ. ಚೌತಿಯ ಬೆಳಗ್ಗೆ ಹುಣಸೆಹುಳಿಯಲ್ಲಿ ತೊಳೆದು ಅವನೇ ತರುತ್ತಾನೆ.