ಮೂಲೆಗೆ ಮಡಚಿಟ್ಟ ಮರದ ಕಹಳೆ

ಶುಕ್ರವಾರ ರೂಮಿನಲ್ಲಿ ಮೊಬೈಲನ್ನು ಸ್ಟೀಲ್ ಲೋಟದೊಳಗಿಟ್ಟು ಹಾಡು ಕೇಳುವವರು ನಾವು. ಚಿಕ್ಕ ದನಿಯನ್ನು ದೊಡ್ಡದು ಮಾಡುವ ಈ ಆಸೆ ಹಳೆಯದು.

ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಸೈನ್ಯದ ಶಸ್ತ್ರ ಪರೀಕ್ಷಾ ಕೇಂದ್ರವಿತ್ತು. ಅಲ್ಲಿಗೆ ಡ್ಯೂಟಿ ಮೇಲೆ ಬಂದ ಎಂಜಿನಿಯರ್ ಪಾಲ್ ಕ್ಲಿಪ್ಶ್ ಅವರಿಗೆ ಬಿಡುವಿನಲ್ಲಿ ಮರದ ಕಹಳೆ ಸ್ಪೀಕರಿನದೇ ಧ್ಯಾನ. ಆಗಿನ ಆಂಪ್ಲಿಫೈಯರ್‌ಗಳ ಶಕ್ತಿ ಕೆಲವೇ ವ್ಯಾಟ್. ಕಹಳೆಯಿದ್ದರೆ ಅಷ್ಟೇ ಸಾಕು. ನಾವು ಔಷಧ ಸುರಿಯುವ ಆಲಿಕೆಯನ್ನು ತಿರುಗಿಸಿ ಹಿಡಿದಂತೆ ಅದು: ಕಿರಿದಾಗಿ ಶುರುವಾಗಿ ಮೆಲ್ಲಗೆ ಅಗಲವಾಗುತ್ತ ಸ್ಪೀಕರಿನ ಕಂಪನವನ್ನು ಗಾಳಿಗೆ ಚೆನ್ನಾಗಿ ದಾಟಿಸುತ್ತದೆ.

ತೊಡಕು ಮಂದ್ರ ಸ್ವರದ್ದು. 40 ಹರ್ಟ್ಸ್ ಸ್ವರದ ಒಂದು ಅಲೆಯೇ ಸುಮಾರು 8.5 ಮೀಟರ್. ಅದಕ್ಕೆ ತಕ್ಕ ನೇರ ಕಹಳೆ ಯಾರ ಮನೆಯಲ್ಲಿ ಹಿಡಿಸೀತು? ಕ್ಲಿಪ್ಶ್ ಅದನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ಮಡಚಿದರು. ಕೊನೆಯ ಭಾಗಕ್ಕೆ ಕೋಣೆಯ ಮೂಲೆಯ ಗೋಡೆಗಳನ್ನೇ ಬಳಸಿಕೊಂಡರು. (ನಮ್ಮ ರೂಮಿನ ನಾಲ್ಕೂ ಮೂಲೆಗೆ ಮಂಚಗಳಿವೆ, ಅದು ಬೇರೆ ಮಾತು.)

1946ರಲ್ಲಿ ಹೋಪ್‌ನಲ್ಲೇ ಕಂಪನಿ ಶುರುವಾಯಿತು, ತಗಡಿನ ಶೆಡ್ಡಿನಲ್ಲಿ ಕೈಕೆಲಸ. ಯುದ್ಧ ಮುಗಿದರೂ ಅವರು ಇಂಡಿಯಾನಾದ ಹುಟ್ಟೂರಿಗೆ ಮರಳಲಿಲ್ಲ. 2002ರಲ್ಲಿ ತೀರಿಕೊಂಡದ್ದೂ ಕೆಲಸಕ್ಕೆಂದು ಬಂದ ಆ ಊರಿನಲ್ಲೇ.